ಕಾಗೆಗೆ ಅರ್ಥ ಹಚ್ಚುವ ಮೊದಲು

ಚಿರಂಜೀವಿ ತಂಗಿಗೆ, ಧಾರವಾಡದಿಂದ ನಿನ್ನ ಕಾಕಾನ ಆಶೀರ್ವಾದಗಳು.

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕತೆಯ ಮೇಲೆ ನೀನು ಬರೆದ ಪ್ರಬಂಧ ಓದಿದೆ. ಬರವಣಿಗೆ ಚೊಕ್ಕ ಇದೆ, ಶ್ರದ್ಧೆ ಇದೆ. ಆದರೆ ನಡುವೆ ಒಂದು ಪಟ್ಟಿ ಹಾಕಿದ್ದೀ: ಮೊಸರು ಎಂದರೆ ಪಾವಿತ್ರ್ಯ, ಮಕಮಲ್ಲಿನ ರವಿಕೆ ಎಂದರೆ ಆಸೆ, ಕಾಗೆ ಎಂದರೆ ಸಾವು. ಈ ಪತ್ರ ಆ ಪಟ್ಟಿಯ ಬಗ್ಗೆ. ನಿನ್ನ ವಾರಿಗೆಯ ಹುಡುಗ ಹುಡುಗಿಯರು ಬಹಳ ಮಂದಿ ಇಂಥದೇ ಪಟ್ಟಿ ಹಾಕುತ್ತಾರೆ. ಅದಕ್ಕೇ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ ಮಾತು ಒಂದೇ. ಕತೆಯೊಳಗಿನ ವಸ್ತುವಿಗೆ ಅರ್ಥ ಬರುವುದು ಅದು ನಿಂತ ಜಾಗದಿಂದ. ಅದಕ್ಕೆ ಮೊದಲು ಏನು ನಡೆದಿತ್ತು, ಆಮೇಲೆ ಏನಾಯಿತು, ಅದನ್ನು ನಮಗೆ ಹೇಳುತ್ತಿರುವವರು ಯಾರು ಎಂಬುದನ್ನು ನೋಡದೆ ಸಂಕೇತಕ್ಕೆ ಕೈ ಹಾಕಬಾರದು.

ಹೇಳುವವರಿಂದಲೇ ಸುರುಮಾಡೋಣ. ಈ ಕತೆ ಹೇಳುವವಳು ಮಂಗಮ್ಮ ಅಲ್ಲ, ಬೆಂಗಳೂರಿನ ಒಬ್ಬ ಗೃಹಿಣಿ. ನಮ್ಮ ಕಡೆ ಹಾಲಿನ ರತೀಬು ಇರುವ ಹಾಗೆ ಅವಳ ಮನೆಗೆ ಮಂಗಮ್ಮನದು ಮೊಸರಿನ ವರ್ತನೆ. ಮಂಗಮ್ಮನ ಮನೆ ನಮಗೆ ನೇರವಾಗಿ ಕಾಣುವುದಿಲ್ಲ. ಬುಟ್ಟಿ ಇಳಿಸಿ ಕೂತು ಅವಳು ತೋಡಿಕೊಂಡದ್ದಷ್ಟೇ ನಮಗೆ ಗೊತ್ತು. ಸೊಸೆ ನಂಜಮ್ಮ ಮಗುವಿಗೆ ಹೊಡೆದದ್ದು, ತಾನು ಕೇಳಲು ಹೋದದ್ದು, ಮಾತಿಗೆ ಮಾತು ಬೆಳೆದು ತಾನು ಬೇರೆಯಾದದ್ದು, ಎಲ್ಲವೂ ಒಂದೇ ಬಾಯಿಂದ ಬರುತ್ತದೆ. ಕೇಳುತ್ತ ಕೇಳುತ್ತ ನಾವು ಮಂಗಮ್ಮನ ಪಕ್ಷ ವಹಿಸಿಬಿಡುತ್ತೇವೆ. ಕತೆ ಮುಗಿಯಲು ಬಂದಾಗ ಅದೇ ಬಾಗಿಲಿಗೆ ನಂಜಮ್ಮ ಮೊಸರು ತರುತ್ತಾಳೆ, ತನ್ನ ಕಡೆಯ ಮಾತು ಹೇಳುತ್ತಾಳೆ. ಆಗ ನಮ್ಮ ತೀರ್ಪು ಅಲುಗಾಡುತ್ತದೆ. ನಂಜಮ್ಮ ಮೊದಲ ಪುಟದಲ್ಲೇ ಮಾತಾಡಿದ್ದರೆ ಇದು ಬರೀ ಅತ್ತೆ–ಸೊಸೆ ಜಗಳದ ವರದಿ ಆಗುತ್ತಿತ್ತು. ಅವಳ ಮಾತನ್ನು ಕೊನೆಯವರೆಗೆ ತಡೆಹಿಡಿದದ್ದರಲ್ಲಿ ಮಾಸ್ತಿಯವರ ಕಸುಬುಗಾರಿಕೆ ಇದೆ. ಕತೆಯ ರಚನೆ ಎಂದರೆ ಇದೇ ತಂಗಿ: ಯಾವ ಮಾತನ್ನು ಯಾರ ಬಾಯಲ್ಲಿ ಯಾವಾಗ ಹೇಳಿಸಬೇಕು ಎಂಬ ತೀರ್ಮಾನ.

ಈಗ ಕಾಗೆಗೆ ಬರೋಣ. ಬೇರೆಯಾದ ಮೇಲೂ ಮಂಗಮ್ಮನ ಜೀವ ಮೊಮ್ಮಗನ ಮೇಲೇ ಇದೆ. ಅವನಿಗೆಂದು ಮಿಠಾಯಿ ಕೊಂಡು ಹೊರಟಿದ್ದಾಳೆ. ಕಾಗೆಯೊಂದು ಎರಗಿ ಪೊಟ್ಟಣ ಕಚ್ಚಿಕೊಂಡು ಹಾರಿಹೋಗುತ್ತದೆ. ಕಾಗೆ ಮುಟ್ಟಿದರೆ ಸಾವು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲೂ ಉಂಟು, ಮಂಗಮ್ಮ ಅಂಜುತ್ತಾಳೆ. ‘ಕಾಗೆ ಎಂದರೆ ಸಾವು’ ಎಂದು ನೀನು ಬರೆದೆಯಲ್ಲ, ಅದು ಮಂಗಮ್ಮ ಆಗಲೇ ಹಚ್ಚಿದ ಅರ್ಥ. ಅದನ್ನೇ ತಿರುಗಿ ಬರೆದರೆ ವಿಮರ್ಶೆ ಆಗುವುದಿಲ್ಲ. ಓದುವವಳಾಗಿ ನಿನ್ನ ಕೆಲಸ ಅಲ್ಲಿಂದ ಮುಂದೆ. ಮಗ ದೂರವಾದ, ಮೊಮ್ಮಗ ಕೈಗೆ ಸಿಗದಂತಾದ, ಆದರೂ ಆಕೆಗೆ ಸಾವೆಂದರೆ ಭಯ ಇದೆ. ಹಾಗಾದರೆ ಬದುಕಿನ ಆಸೆ ಬತ್ತಿಲ್ಲ. ಮತ್ತೆ, ಕಾಗೆ ಒಯ್ದದ್ದು ಏನನ್ನು? ಮೊಮ್ಮಗನಿಗೆ ಮುಟ್ಟಬೇಕಾದದ್ದನ್ನು. ಅಜ್ಜಿಗೂ ಕೂಸಿಗೂ ನಡುವೆ ಬಿದ್ದ ಅಂತರ ಆ ಒಂದು ಗಳಿಗೆಯಲ್ಲಿ ಕಣ್ಣಿಗೆ ಕಾಣುತ್ತದೆ. ಮನೆ ಒಡೆಯುವ ಮೊದಲೇ ಆ ಕಾಗೆ ಬಂದಿದ್ದರೆ ಅದು ಒಂದು ಅಪಶಕುನ, ಅಷ್ಟೇ. ಬೇರೆಯಾದ ಮೇಲೆ ಬಂದದ್ದರಿಂದ ಅದಕ್ಕೆ ಇಷ್ಟು ತೂಕ.

ಮೊಸರು ಪಾವಿತ್ರ್ಯ ಎಂಬ ಮಾತನ್ನು ಪರೀಕ್ಷಿಸುವ ಒಂದು ದಾರಿ ಹೇಳುತ್ತೇನೆ. ಮನೆಯ ತೊಲೆ ಯಾವುದು, ಗೋಡೆಗೆ ತೂಗುಹಾಕಿದ ಪಟ ಯಾವುದು ಎಂದು ತಿಳಿಯಬೇಕಾದರೆ ಒಂದೊಂದನ್ನೇ ಮನಸ್ಸಿನಲ್ಲಿ ತೆಗೆದು ನೋಡಬೇಕು. ಮೊಸರಿನ ಬಿಳುಪು ತೆಗೆ. ಕತೆಯಲ್ಲಿ ಏನೂ ಬೀಳುವುದಿಲ್ಲ. ಮೊಸರಿನ ವ್ಯಾಪಾರ ತೆಗೆ, ಕತೆಯೇ ಕುಸಿಯುತ್ತದೆ. ಏಕೆಂದರೆ ಮಂಗಮ್ಮ ಮಗನಿಂದ ಬೇರೆಯಾಗಿ ಬದುಕಬಲ್ಲಳಾದರೆ ಅದು ಆ ಗಳಿಕೆಯ ಬಲದಿಂದ. ರವಿಕೆಯ ಮಾತೂ ಹಾಗೆಯೇ. ಮಗನಿಗಾಗಿ ಕೂಡಿಡುವ ಕಾರಣ ತಪ್ಪಿದ ಮೇಲೆ ಆಕೆ ತನ್ನ ದುಡ್ಡಿನಲ್ಲಿ ತನಗೆಂದು ಕೊಂಡದ್ದು ಅದು. ಅದರಲ್ಲಿ ಆಸೆಯೂ ಇದೆ, ಸಿಟ್ಟೂ ಇದೆ, ಒಬ್ಬಂಟಿತನವೂ ಇದೆ. ‘ಆಸೆ’ ಎಂಬ ಒಂದೇ ಶಬ್ದಕ್ಕೆ ಅದನ್ನು ಕಟ್ಟಿಹಾಕಬೇಡ. ಕೊನೆಗೆ ಮೊಸರಿನ ಬುಟ್ಟಿ ಅತ್ತೆಯ ತಲೆಯಿಂದ ಸೊಸೆಯ ತಲೆಗೆ ಬರುತ್ತದೆ. ಮನೆಯ ಯಜಮಾನಿಕೆ ಕೈ ಬದಲಿಸಿತು ಎಂದು ಮಾಸ್ತಿ ಹೇಳಬೇಕಾಗಿಯೇ ಇಲ್ಲ, ಬುಟ್ಟಿ ಹೇಳುತ್ತದೆ. ನಿನ್ನ ಪಟ್ಟಿಯಲ್ಲಿ ಬುಟ್ಟಿಯ ಹೆಸರೇ ಇರಲಿಲ್ಲ ನೋಡು.

ಮಾಸ್ತಿಯವರಿಗೆ ಈ ಕಲೆ ಮೊದಲಿನಿಂದಲೂ ಕೈವಶ. 1910ರ ‘ರಂಗನ ಮದುವೆ’ಯಲ್ಲಿ ಕತೆ ಹೇಳುವ ಶಾಮನೇ ಆ ಮದುವೆ ಹೂಡುವವನು, ಅವನ ಉತ್ಸಾಹದ ಕಣ್ಣಿನಿಂದಲೇ ನಾವು ಎಲ್ಲವನ್ನೂ ನೋಡುತ್ತೇವೆ. ಎರಡೂ ಕತೆಗಳನ್ನು ಅಕ್ಕಪಕ್ಕ ಇಟ್ಟು ಓದು. ಹೇಳುವವರು ಬದಲಾದರೆ ಕತೆಯ ನ್ಯಾಯವೇ ಬದಲಾಗುವುದು ತಿಳಿಯುತ್ತದೆ.

ಹೀಗೆ ನಿಧಾನವಾಗಿ ಓದುವ ಪರಂಪರೆ ನಿನ್ನ ಊರು ಧಾರವಾಡದ್ದೇ. ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ನೋಡಿದ್ದೀಯಲ್ಲ, ಜಿ.ಬಿ. ಜೋಶಿಯವರು 1933ರಲ್ಲಿ ಹುಟ್ಟುಹಾಕಿದ ಆ ಸಂಸ್ಥೆಗೆ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿದ್ದರು. ಗಿರಡ್ಡಿ ಗೋವಿಂದರಾಜರು ಸ್ವತಃ ಕತೆ ಬರೆದವರು, ಸಣ್ಣಕತೆಯ ವಿಮರ್ಶೆಯನ್ನೂ ಮಾಡಿದವರು. ಇವರ ವಿಮರ್ಶೆಯನ್ನು ಓದು. ಆದರೆ ಕತೆಯನ್ನು ನೀನೇ ಎರಡು ಸಲ ಓದಿದ ಮೇಲೆ ಓದು. ಮೊದಲೇ ಓದಿದರೆ ಅವರ ಕಣ್ಣು ನಿನಗೆ ಬರುತ್ತದೆ, ನಿನ್ನ ಕಣ್ಣು ತೆರೆಯುವುದಿಲ್ಲ.

ಮುಂದಿನ ಅಭ್ಯಾಸಕ್ಕೆ ಶಾಂತಿನಾಥ ದೇಸಾಯಿಯವರ ‘ಕ್ಷಿತಿಜ’ ಕತೆ ತೆಗೆದುಕೋ. ಅವರ ‘ಮುಕ್ತಿ’ ಕಾದಂಬರಿಯನ್ನು 1961ರಲ್ಲಿ ತಂದದ್ದು ಇದೇ ಗ್ರಂಥಮಾಲೆ. ‘ಕ್ಷಿತಿಜ’ದಲ್ಲಿ ಒಬ್ಬ ಹೆಣ್ಣುಮಗಳು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದಾಳೆ. ಇಲ್ಲಿ ಸಂಕೇತ ಹೆಸರಿನಲ್ಲೇ ನಿಂತು ಕರೆಯುತ್ತದೆ, ಅದಕ್ಕೇ ಹೆಚ್ಚು ಎಚ್ಚರ ಬೇಕು. ‘ಕ್ಷಿತಿಜ ಎಂದರೆ ಸ್ವಾತಂತ್ರ್ಯ’ ಎಂದು ಮೊದಲ ಸಾಲಿನಲ್ಲೇ ಬರೆದು ಮುಗಿಸಬೇಡ. ಒಂದು ಹಾಳೆಯ ಎಡಕ್ಕೆ ಘಟನೆಗಳು ನಡೆದ ಕ್ರಮ, ಬಲಕ್ಕೆ ಅವನ್ನು ನಮಗೆ ಹೇಳಿದ ಕ್ರಮ ಬರೆ. ಎರಡೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಗುರುತು ಹಾಕು. ಹಡಗಿನಲ್ಲಿ ಒಬ್ಬೊಬ್ಬರು ಎದುರಾದಾಗಲೂ ಆಕೆ ನೋಡುವ ನೋಟ ಹೇಗೆ ಬದಲಾಯಿತು ಎಂದು ಬರೆದುಕೋ. ಸಂಕೇತದ ಮಾತು ಅದೆಲ್ಲ ಆದಮೇಲೆ.

ಇದಕ್ಕೆ ಹೊತ್ತು ಹಿಡಿಯುತ್ತದೆ, ಪರೀಕ್ಷೆಯಲ್ಲಿ ಪಟ್ಟಿಗೇ ಹೆಚ್ಚು ಅಂಕ ಬಂದರೂ ಬರಬಹುದು. ಆದರೆ ಎದುರಿಗೆ ಕೂತು ಸಂಕಟ ಹೇಳಿಕೊಳ್ಳುವವರ ಮಾತನ್ನು ಕೊನೆಯವರೆಗೆ ಕೇಳುವುದನ್ನು, ಇನ್ನೊಂದು ಕಡೆಯ ಮಾತು ಬರುವವರೆಗೆ ತೀರ್ಪು ತಡೆಯುವುದನ್ನು ಒಳ್ಳೆಯ ಕತೆ ಕಲಿಸುತ್ತದೆ. ಆ ಕಲಿಕೆ ಪರೀಕ್ಷೆ ಮುಗಿದ ಮೇಲೂ ನಿನ್ನ ಜೊತೆ ಇರುತ್ತದೆ. ಹಾಳೆ ತುಂಬಿದ ಮೇಲೆ ಕಳಿಸು, ಕೂಡಿ ಓದೋಣ.

ಇತಿ ನಿನ್ನ
ಕಾಕಾ