ಮೂಕಪ್ರಾಣಿಗಳ ಸೇವೆಯಲ್ಲಿ ಭೃತ್ಯಾಚಾರ

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂದು ಆಚಾರಗಳು ಐದು. ಇವುಗಳಲ್ಲಿ ಕಡೆಯದಾದ ಭೃತ್ಯಾಚಾರವು ನುಡಿಯುವುದಕ್ಕೆ ಸುಲಭ, ನಡೆಯುವುದಕ್ಕೆ ಕಠಿನ. ಭೃತ್ಯನೆಂದರೆ ಸೇವಕನೆಂದು ಎಲ್ಲರೂ ಅರ್ಥ ಹೇಳುತ್ತಾರೆ. ಆದರೆ ಆ ಶಬ್ದದ ಮೂಲವನ್ನು ನೋಡಬೇಕು. ಭರಿಸು, ಪೋಷಿಸು ಎಂಬ ಅರ್ಥವುಳ್ಳ ‘ಭೃ’ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ‘ಪೋಷಿಸಲ್ಪಡತಕ್ಕವನು’ ಎಂದು ಅರ್ಥ. ಯಾರ ಅನ್ನದಿಂದ ತಾನು ಬದುಕುವನೋ ಅವರಿಗೆ ತಾನು ಭೃತ್ಯ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟು ಒಕ್ಕಲಿನ ಮನೆಯನ್ನು ನೋಡಿದರೆ ಒಂದು ಸತ್ಯವು ಹೊಳೆಯುತ್ತದೆ. ಹತ್ತು ಹನ್ನೆರಡು ವರ್ಷ ನೇಗಿಲೆಳೆದು ಮನೆಯ ಕಣಜ ತುಂಬಿದ ಎತ್ತು ಪೋಷಕನೋ, ಅದರ ದುಡಿಮೆಯನ್ನುಂಡ ಮನೆಯೊಡೆಯನು ಪೋಷಕನೋ? ಎತ್ತೇ ಪೋಷಕ, ಒಡೆಯನೇ ಭೃತ್ಯ.

ಈ ಮಾತನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಭಕ್ತರು ವಿಶೇಷವಾಗಿ ಯೋಚಿಸಬೇಕು. ಇದು ಮಳೆಯ ನಂಬಿಕೆಯಿಲ್ಲದ ನಾಡು. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಜನರು ತಂಡತಂಡವಾಗಿ ಹೋಗಿ ಗಂಗೆಗೆ ಬಾಗಿನ ಅರ್ಪಿಸಿದರು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಸುಭಿಕ್ಷವೂ ದುರ್ಭಿಕ್ಷವೂ ಇಲ್ಲಿ ಇಷ್ಟು ಹತ್ತಿರದ ನೆರೆಹೊರೆ. ರಾಗಿಹುಲ್ಲಿನ ಬಣವೆ ಕರಗಿ, ಗೋಮಾಳ ಬರಿದಾಗಿ, ಕೊಳವೆಬಾವಿ ಬತ್ತಿದಾಗ ಮೊದಲು ಸೊರಗುವುದು ಬಾಯಿಲ್ಲದ ಜೀವಗಳು. ಅಂತಹ ವರ್ಷಗಳಲ್ಲಿ ಸರಕಾರವೂ ಮಠಗಳೂ ದಾನಿಗಳೂ ಗೋಶಾಲೆಗಳನ್ನು ತೆರೆಯುವುದು ಈ ಸೀಮೆಗೆ ಹೊಸದಲ್ಲ.

ಗೋಶಾಲೆಯ ಭಾರವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ದೊಡ್ಡ ರಾಸೊಂದು ಜೀವ ಹಿಡಿದು ನಿಲ್ಲಲು ದಿನಕ್ಕೆ ಸುಮಾರು 6 ಕಿಲೋ ಒಣಮೇವು ಬೇಕು. ಬೇಸಿಗೆಯಲ್ಲಿ ಸುಮಾರು 50 ಲೀಟರ್ ನೀರು ಬೇಕು. 500 ರಾಸುಗಳು ಸೇರಿದರೆ ದಿನಕ್ಕೆ 3,000 ಕಿಲೋ ಮೇವು, 25,000 ಲೀಟರ್ ನೀರು. ಇದರ ಮೇಲೆ ಸಗಣಿ ಬಾಚುವುದು, ತೊಟ್ಟಿ ತೊಳೆಯುವುದು, ಬಡಕಲು ರಾಸನ್ನು ಬಲಿಷ್ಠ ರಾಸಿನ ಕೊಂಬಿನಿಂದ ಕಾಯುವುದು, ಮಲಗಿದ ದನವನ್ನು ಹೊರಳಿಸಿ ಎಬ್ಬಿಸುವುದು. ಇದು ಒಬ್ಬಿಬ್ಬರಿಂದ ಆಗತಕ್ಕ ಕೆಲಸವಲ್ಲ. ಇಲ್ಲಿ ಗಣವು ಬೇಕು. ಗಣಾಚಾರವೆಂದರೆ ಧರ್ಮದ ನಿಂದೆಯನ್ನು ಸಹಿಸದಿರುವುದೆಂದು ಹಿರಿಯರು ಹೇಳುತ್ತಾರೆ. ಕಣ್ಣೆದುರಿಗೆ ಜೀವವೊಂದು ನೀರಿಲ್ಲದೆ ನರಳುತ್ತಿರಲು ಊರೆಲ್ಲ ಸುಮ್ಮನಿರುವುದಕ್ಕಿಂತ ದೊಡ್ಡ ಧರ್ಮನಿಂದೆ ಯಾವುದಿದೆ? ಕರುಣೆ ಬತ್ತಿದೆಡೆ ಧರ್ಮಕ್ಕೆ ಬೇರೇ ಇಲ್ಲವೆಂದು ಬೋಧಿಸಿದ ಬಸವಣ್ಣನವರು ಆ ಕರುಣೆಯನ್ನು ಮನುಷ್ಯರಿಗೆ ಮಾತ್ರ ಮೀಸಲಿಡಲಿಲ್ಲ. ಸಕಲ ಪ್ರಾಣಿಗಳಿಗೂ ಹರಡಿದರು.

ಆದರೆ ಗಣವು ಕೂಡಿದ ಮಾತ್ರಕ್ಕೆ ಸೇವೆಯಾಗುವುದಿಲ್ಲ. ಬಸವ ಜಯಂತಿಯಂದೋ ಸಂಕ್ರಾಂತಿಯಂದೋ ನೂರು ಜನ ಗೋಶಾಲೆಗೆ ಬರುತ್ತಾರೆ. ಒಬ್ಬರು ಹೋಳಿಗೆ ತರುತ್ತಾರೆ, ಇನ್ನೊಬ್ಬರು ಅನ್ನ ಪಾಯಸ ತರುತ್ತಾರೆ, ಮತ್ತೊಬ್ಬರು ಬೆಲ್ಲದಚ್ಚು ತರುತ್ತಾರೆ. ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಹುಲ್ಲು ಮೆಲುಕುವ ಹೊಟ್ಟೆಗೆ ಬೇಯಿಸಿದ ಅನ್ನವೂ ಹಿಟ್ಟೂ ಒಮ್ಮೆಗೇ ಬಿದ್ದರೆ ಒಳಗೆ ಹುಳಿಯೇರುತ್ತದೆ. ಹಸಿದು ಬಡಕಲಾದ ದನ ಅದರಿಂದಲೇ ಸಾಯಬಹುದು. ತಂದ ಪ್ಲಾಸ್ಟಿಕ್ ಚೀಲಗಳು ಗಾಳಿಗೆ ಹಾರಿ ಮೇವಿನೊಡನೆ ಹೊಟ್ಟೆ ಸೇರುತ್ತವೆ. ಮಳೆಯಿಲ್ಲದೆ ಮುರುಟಿದ ಎಳೆಯ ಜೋಳದ ಪೈರನ್ನು ಕೊಯ್ದು ತಂದು ಹಾಕಿದರೆ ಅದರಲ್ಲಿರುವ ವಿಷವು ಗಳಿಗೆಯಲ್ಲಿ ಪ್ರಾಣ ತೆಗೆಯಬಲ್ಲುದು. ಹಬ್ಬ ಮುಗಿದ ಮರುದಿನ ನೂರು ಜನರಲ್ಲಿ ಒಬ್ಬರೂ ಇರುವುದಿಲ್ಲ. ದನಗಳ ಬಾಯಾರಿಕೆ ಮಾತ್ರ ಇರುತ್ತದೆ.

ಕುದುರೆಯ ವಿಷಯದಲ್ಲಿ ಇದು ಇನ್ನೂ ನಿಜ. ಹಿಂದೆ ಪಟ್ಟಣಗಳಲ್ಲಿ ಜಟಕಾ ಎಳೆದ ಕುದುರೆಗಳಂತೆ ದುಡಿದು ಬಿಡಾಡಿಯಾದ ಕುದುರೆ, ಕತ್ತೆಗಳಿಗೂ ಈಗ ಅಲ್ಲಲ್ಲಿ ಆಶ್ರಯಧಾಮಗಳಾಗಿವೆ. ಅಲ್ಲಿಯೂ ಜನರು ತಂಡ ಕಟ್ಟಿಕೊಂಡು ಸೇವೆಗೆ ಹೋಗುತ್ತಾರೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಉಪವಾಸದಿಂದ ಸೊರಗಿದ ಕುದುರೆಗೆ ಕನಿಕರದಿಂದ ಹುರುಳಿಯನ್ನು ಧಾರಾಳವಾಗಿ ಇಟ್ಟರೆ ಹೊಟ್ಟೆಶೂಲೆ ಬಂದು, ಗೊರಸಿನೊಳಗೆ ಉರಿಯೆದ್ದು, ಅದು ಮತ್ತೆ ಕಾಲೂರಲಾರದು. ಮೊದಲು ಹುಲ್ಲು, ಅದೂ ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಸಲ, ಕಾಳು ಅನಂತರ. ಅಂಗವಿಕಲವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನಂತೆ ಅಪರಾಧ. ಆದರೆ ತಿಳಿವಿಲ್ಲದ ಕನಿಕರದಿಂದಾಗುವ ಹಿಂಸೆಯನ್ನು ಕಾನೂನು ಹಿಡಿಯಲಾರದು. ಅದನ್ನು ಭಕ್ತನ ವಿವೇಕವೇ ಹಿಡಿಯಬೇಕು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ದಾಸೋಹಕ್ಕಾಗಿಯೇ ತಂದುದಾದರೂ, ಆ ತಾಯಿ ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಅಳತೆ ಮೀರಿದ್ದು ಆಸೆಯೇ ಹೊರತು ಸೇವೆಯಲ್ಲ. ಬಡಪ್ರಾಣಿಯ ಮುಂದೆ ರಾಶಿ ಸುರಿದು ತೃಪ್ತಿಪಡುವವನ ಆಸೆಯೂ ಆಸೆಯೇ. ಅದು ತನ್ನ ಪುಣ್ಯದ ಆಸೆ. ಮನುಷ್ಯನಾದರೆ ‘ಇದು ನನಗೆ ಬೇಡ’ ಎಂದಾನು. ಮೂಕಪ್ರಾಣಿಯು ಕೆಟ್ಟ ಸೇವೆಯನ್ನು ಬೇಡವೆನ್ನಲಾರದು. ಆದುದರಿಂದ ಅದರ ಸೇವಕನು ಇಮ್ಮಡಿ ಎಚ್ಚರದಿಂದಿರಬೇಕು.

ತುರುಗಾಹಿ ರಾಮಣ್ಣನವರು ಕಲ್ಯಾಣದಲ್ಲಿ ಶರಣರ ದನಗಳನ್ನು ಕಾಯುವುದನ್ನೇ ಕಾಯಕವಾಗಿ ಮಾಡಿಕೊಂಡರು. ತಮ್ಮ ವಚನಗಳ ಅಂಕಿತದಲ್ಲಿಯೂ ದೇವನನ್ನು ಗೋಪತಿನಾಥನೆಂದೇ ಕರೆದರು. ದನ ಕಾಯುವವನಿಗೆ ಹಬ್ಬದ ದಿನವೆಂದು ಬೇರೆಯಿಲ್ಲ. ಬೆಳಗಾದರೆ ಬಿಡಬೇಕು, ಸಂಜೆಯಾದರೆ ಕೂಡಬೇಕು, ಒಂದು ಕಡಮೆಯಾದರೆ ಹುಡುಕಬೇಕು. ದಿನದಿನವೂ ತಪ್ಪದಿರುವುದೇ ಕಾಯಕದ ಲಕ್ಷಣ. ನೆರೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರನ್ನು ನೋಡಬಹುದು. ಅವರು ದೇವರ ಎತ್ತುಗಳೆಂದು ಹಿಂಡುಗಳನ್ನೇ ಸಾಕುತ್ತಾರೆ. ಆ ಎತ್ತುಗಳನ್ನು ಬೇಸಾಯಕ್ಕೆ ಹೂಡುವುದಿಲ್ಲ. ಕಿಲಾರಿಯೆಂಬ ಕಾವಲಿನವನು ಅವುಗಳೊಡನೆಯೇ ಬಾಳುತ್ತಾನೆ. ಆಚಾರ ಬೇರೆಯಾದರೂ ಆ ನಿಷ್ಠೆಯಿಂದ ಕಲಿಯತಕ್ಕದ್ದು ಬಹಳವಿದೆ.

ಆದಕಾರಣ ಊರಿನ ಭಕ್ತಮಂಡಲಿಯು ಗೋಶಾಲೆಯ ಸೇವೆಗೆ ನಿಂತರೆ ಈ ಕ್ರಮಗಳನ್ನು ಅನುಸರಿಸುವುದು ಲೇಸು. ವಾರದ ಏಳು ದಿನಗಳನ್ನು ಮನೆಮನೆಗೆ ಸರದಿಯಾಗಿ ಹಂಚಿಕೊಳ್ಳಬೇಕು. ಅಲ್ಲಿನ ದನಗಾಹಿಯ ಮಾತಿಗೂ ಪಶುವೈದ್ಯರ ಮಾತಿಗೂ ತಲೆಬಾಗಬೇಕು. ಊರಿನಲ್ಲಿ ಎಷ್ಟು ದೊಡ್ಡ ಮನುಷ್ಯನಾದರೂ ಗೋಶಾಲೆಯಲ್ಲಿ ಅವನು ಭೃತ್ಯನೇ. ಚರ್ಮಗಂಟು ರೋಗ, ಕಾಲುಬಾಯಿ ರೋಗಗಳ ಕಾಲದಲ್ಲಿ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಕೈಕಾಲು ತೊಳೆಯದೆ ಹೋಗಬಾರದು. ಸಿಹಿ ತಿನಿಸಿನ ಹಣವನ್ನು ಒಣಮೇವಿಗೆ ಕೊಡಬೇಕು. ಮಾಡಿದ ಸೇವೆಯ ಹಲಗೆ ಬರೆಸಬಾರದು. ನಾನು ಮಾಡಿದೆನೆಂಬ ಎಣಿಕೆ ಮನಸ್ಸಿಗೆ ಬಂದೊಡನೆ ದಾಸೋಹವು ಕೆಡುವುದೆಂದು ಶರಣರು ಎಚ್ಚರಿಸಿದ್ದಾರೆ.

ಕೊನೆಯದಾಗಿ ಒಂದು ಕಹಿಮಾತು. ಗೋಶಾಲೆಗೆ ಒಂದು ಗಾಡಿ ಹುಲ್ಲು ಕೊಟ್ಟ ಗೃಹಸ್ಥನೇ ತನ್ನ ಹಟ್ಟಿಯ ಮುದಿ ಎತ್ತನ್ನು ಸಂತೆಗೆ ಹೊಡೆದರೆ ಆ ದಾನಕ್ಕೆ ಏನು ಬೆಲೆ? ಹುಲ್ಲಿದ್ದೂ ಅಟ್ಟುವವನು ತನ್ನ ಪೋಷಕನನ್ನೇ ಹೊರಗಟ್ಟಿದಂತೆ. ಹುಲ್ಲಿಲ್ಲದೆ, ಸಾಲ ತೀರದೆ, ಕಣ್ಣೀರಿಟ್ಟು ಮಾರುವ ಬಡವನ ಮಾತು ಬೇರೆ. ಅವನನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಆ ದೋಷವು ಬಣವೆಯಿದ್ದೂ ಕೊಡದ ನೆರೆಮನೆಯವನದು. ಬಡವನ ಹಗ್ಗ ಸಂತೆಗೆ ತಿರುಗುವ ಮುನ್ನ ನಾಲ್ಕು ಮನೆಗಳು ಸೇರಿ ನಾಲ್ಕು ಹೊರೆ ಹುಲ್ಲು ಹೊತ್ತು ಅವನ ಹಟ್ಟಿಗೆ ಹಾಕಿದರೆ, ಆ ಹಟ್ಟಿಯೇ ಗೋಶಾಲೆ, ಆ ನಾಲ್ಕು ಮನೆಗಳೇ ಗಣ. ಭೃತ್ಯಾಚಾರವು ಅಲ್ಲಿಂದ ಆರಂಭವಾಗಬೇಕು.