ಚಾಕಣದಲ್ಲಿ ಸುಶಿ: ಮಿತವ್ಯಯದ ಪ್ರವಾಸಿಗೆ ಕೆಲವು ಸೂಚನೆಗಳು

ಪುಣೆಯಿಂದ ನಾಶಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ಉತ್ತರಕ್ಕೆ ಇರತಕ್ಕ ಚಾಕಣವೆಂಬ ಊರು, ಹಿಂದಿನ ತಲೆಮಾರಿನವರಿಗೆ ಈರುಳ್ಳಿಯ ಪೇಟೆಯಿಂದಲೂ, ಇತಿಹಾಸ ಬಲ್ಲವರಿಗೆ ಸಂಗ್ರಾಮದುರ್ಗವೆಂಬ ನೆಲಗೋಟೆಯಿಂದಲೂ ಪರಿಚಿತವಾಗಿದ್ದಿತು. 1660ರಲ್ಲಿ ಮೊಗಲ ಸೇನಾನಿ ಶಾಯಿಸ್ತಾಖಾನನ ಮಹಾಸೈನ್ಯವು ಈ ಕೋಟೆಯನ್ನು ಮುತ್ತಿದಾಗ, ಫಿರಂಗೋಜಿ ನರಸಾಳಾ ಎಂಬ ಕಿಲ್ಲೇದಾರನು ಅಲ್ಪ ಬಲವನ್ನು ಇಟ್ಟುಕೊಂಡು ಸುಮಾರು ಎರಡು ತಿಂಗಳ ಕಾಲ ಅದನ್ನು ಕಾಪಾಡಿದನು. ಇಂದು ಅದೇ ಊರಿನ ಸುತ್ತಲೂ ಬಜಾಜ್, ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಬ್ರಿಜ್‌ಸ್ಟೋನ್ ಮೊದಲಾದ ಕಾರ್ಖಾನೆಗಳು ಹಬ್ಬಿಕೊಂಡಿವೆ. ಯಂತ್ರಗಳ ಹಿಂದೆ ಯಂತ್ರಜ್ಞರೂ, ಅವರ ಹಿಂದೆ ಅವರವರ ನಾಲಗೆಯೂ ಬರುವುದು ಲೋಕರೂಢಿಯಾದ್ದರಿಂದ, ಜಪಾನಿ ಮತ್ತು ಕೊರಿಯದ ಊಟವು ಈ ಪ್ರದೇಶಕ್ಕೆ ಕಾಲಿಟ್ಟಿತು. ಮಹಾನಗರಗಳಲ್ಲಿ ಶ್ರೀಮಂತರ ವಿನೋದವಾಗಿರುವ ಸುಶಿಯು ಇಲ್ಲಿ ಮನೆಯಿಂದ ದೂರವಿರುವ ಕೆಲಸಗಾರನ ಮಧ್ಯಾಹ್ನದ ಊಟವಾಗಿ ಬಂದಿತೆಂಬುದೇ, ಅಗ್ಗವಾಗಿ ಅದನ್ನು ಸವಿಯಬಯಸುವವನು ಮೊದಲು ತಿಳಿಯಬೇಕಾದ ಸಂಗತಿ.

ಅಗ್ಗದ ಸುಶಿಯೆಂದರೆ ಕೀಳು ಸುಶಿಯೆಂದು ಭಾವಿಸಿ ಮುಖ ತಿರುಗಿಸುವವರು ಉಂಟು. ಅವರ ಭಾವನೆಗೆ ಚರಿತ್ರೆಯ ಆಧಾರವಿಲ್ಲ. ಹುಳಿಬೆರಸಿದ ಅನ್ನದ ಮುದ್ದೆಯ ಮೇಲೆ ಮೀನಿನ ಪದರವಿಟ್ಟು ಕೈಯಲ್ಲಿ ಕೊಡುವ ಪದ್ಧತಿಯು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈದೋ ನಗರದ, ಅಂದರೆ ಇಂದಿನ ಟೋಕಿಯೋದ, ಬೀದಿಬದಿಯ ಅಂಗಡಿಗಳಲ್ಲಿ, ನಿಂತು ತಿಂದು ಹೋಗುವವರಿಗಾಗಿ ಬೆಳೆದದ್ದು. 1958ರಲ್ಲಿ ಒಸಾಕಾ ಪ್ರಾಂತದ ಯೋಶಿಯಾಕಿ ಶಿರಾಯಿಶಿ ಎಂಬ ಹೋಟೆಲುಗಾರನು, ಬಿಯರು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸೀಸೆಗಳು ಪಟ್ಟಿಯ ಮೇಲೆ ಸಾಲಾಗಿ ಸಾಗುವುದನ್ನು ಕಂಡು, ಸುಶಿಯ ತಟ್ಟೆಗಳನ್ನೂ ಹಾಗೆಯೇ ಗಿರಾಕಿಗಳ ಮುಂದೆ ಹರಿಯಬಿಟ್ಟು ಬೆಲೆಯನ್ನು ಇಳಿಸಿದನು. ಹಗಲಿರುಳೂ ಅಂಥ ಪಟ್ಟಿಗಳು ತಿರುಗುತ್ತಿರುವ ಚಾಕಣದಲ್ಲಿ ಕುಳಿತು ಸುಶಿ ತಿನ್ನುವುದರಲ್ಲಿ ಆದಕಾರಣ ಅಸಂಗತವಾದದ್ದೇನೂ ಇಲ್ಲ.

ಹೋಗುವ ಬಗೆಯನ್ನು ಬೇಗನೆ ಹೇಳಿಬಿಡಬಹುದು. ಚಾಕಣಕ್ಕೆ ರೈಲಿಲ್ಲ. ಹುಬ್ಬಳ್ಳಿ, ಬೆಳಗಾವಿಯ ಕಡೆಯವರು ಮಿರಜಿನ ಮಾರ್ಗವಾಗಿ, ಕಲಬುರಗಿಯ ಕಡೆಯವರು ಸೊಲ್ಲಾಪುರದ ಮಾರ್ಗವಾಗಿ ಪುಣೆಯನ್ನು ಸೇರಿ, ಅಲ್ಲಿಂದ ನಾಶಿಕದ ಕಡೆಗೆ ಹೋಗುವ ಎಸ್.ಟಿ. ಬಸ್ಸನ್ನಾಗಲಿ, ಭೋಸರಿಯ ಮೂಲಕ ಹೋಗುವ ನಗರದ ಬಸ್ಸನ್ನಾಗಲಿ ಹಿಡಿಯತಕ್ಕದ್ದು. ಪಾಳಿ ಬದಲಾಗುವ ಹೊತ್ತಿನಲ್ಲಿ, ವಿಶೇಷವಾಗಿ ತಳೇಗಾಂವ್ ಚೌಕದ ಬಳಿ, ಲಾರಿಗಳೂ ಕಾರ್ಖಾನೆಯ ಬಸ್ಸುಗಳೂ ಒಂದಕ್ಕೊಂದು ತೊಡರಿಕೊಂಡು ನಿಲ್ಲುವ ದೃಶ್ಯವನ್ನು ಕಾಣಬೇಕೆಂಬ ಕುತೂಹಲವಿಲ್ಲದವರು ಹನ್ನೊಂದು ಗಂಟೆಯ ಸುಮಾರಿಗೆ ಊರನ್ನು ಮುಟ್ಟುವಂತೆ ಹೊರಡುವುದು ಲೇಸು.

ಎಲ್ಲಿ ತಿನ್ನಬೇಕು? ಹೆದ್ದಾರಿಯ ಬದಿಯ ನಕ್ಷತ್ರಾಂಕಿತ ಹೋಟೆಲುಗಳನ್ನು ಬಿಟ್ಟು, ಕೈಗಾರಿಕಾ ವಸಾಹತಿನ ಒಳದಾರಿಗಳಲ್ಲಿ, ವಿದೇಶದ ಯಂತ್ರಜ್ಞರು ತಂಗುವ ಸಾಧಾರಣ ವಸತಿಗೃಹಗಳ ಆಸುಪಾಸಿನಲ್ಲಿ ಹುಡುಕಬೇಕು. ಇಂಥ ಸಣ್ಣ ಊಟದ ಮನೆಗಳ ಮಾಲೀಕರೂ ಅಡುಗೆಯವರೂ ಬದಲಾಗುತ್ತಲೇ ಇರುವುದರಿಂದ ಹೆಸರನ್ನು ನಂಬಿ ಹೋಗುವುದಕ್ಕಿಂತ ಲಕ್ಷಣವನ್ನು ನೋಡಿ ಹೋಗುವುದು ಕ್ಷೇಮ. ಫಲಕದ ಲಿಪಿಯಲ್ಲಿ ಅಲ್ಲಲ್ಲಿ ಪುಟ್ಟ ಪೂರ್ಣವೃತ್ತಗಳು ಕಂಡರೆ ಅದು ಕೊರಿಯದ ಮನೆಯೆಂದು ತಿಳಿಯಿರಿ. ಅಲ್ಲಿ ದೊರೆಯುವ ಕಿಂಬಾಪ್ ನೋಟಕ್ಕೆ ಸುಶಿಯ ಸುರುಳಿಯಂತೆಯೇ ಇದ್ದರೂ, ಅದರ ಅನ್ನಕ್ಕೆ ವಿನಿಗರಿನ ಬದಲು ಎಳ್ಳೆಣ್ಣೆ ಸೇರಿರುತ್ತದೆ. ಅದೂ ರುಚಿಕರವೇ, ಹಸಿ ಮೀನಿಗೆ ಅಳುಕುವವರಿಗೆ ಸುಲಭವೂ ಹೌದು, ಆದರೆ ಸುಶಿಯೆಂದುಕೊಂಡು ತಿಂದು ನಿರಾಶರಾಗಬಾರದು. ಮಧ್ಯಾಹ್ನದ ಹೊತ್ತಿಗೆ ಒಳಗೆ ಜಪಾನಿಯರು ತಾವಾಗಿ ಬಂದು ಕುಳಿತು ಮಾತಿಲ್ಲದೆ ಉಣ್ಣುತ್ತಿದ್ದರೆ, ಬೇರೆ ಪ್ರಶಸ್ತಿಪತ್ರ ಬೇಕಿಲ್ಲ.

ಕುಳಿತ ಮೇಲೆ ಮೊದಲು ಕೇಳಬೇಕಾದದ್ದು ಸೌತೆಕಾಯಿಯ ಸುರುಳಿ. ಅದನ್ನು ಕಪ್ಪಾ ಮಾಕಿ ಎನ್ನುತ್ತಾರೆ. ಪಟ್ಟಿಯಲ್ಲಿ ಅತ್ಯಂತ ಕಡಿಮೆ ಬೆಲೆಯವುಗಳಲ್ಲಿ ಅದೂ ಒಂದು, ಮತ್ತು ಅಡುಗೆಯವನ ಯೋಗ್ಯತೆಯನ್ನು ಅದಕ್ಕಿಂತ ನಿಷ್ಠುರವಾಗಿ ತೋರಿಸುವ ಮತ್ತೊಂದಿಲ್ಲ. ನಮ್ಮ ಖಾನಾವಳಿಯ ಯೋಗ್ಯತೆ ರೊಟ್ಟಿಯಲ್ಲಿ ತಿಳಿಯುವಂತೆ ಸುಶಿಯ ಮನೆಯದು ಅನ್ನದಲ್ಲಿ ತಿಳಿಯುತ್ತದೆ. ಗಿಡ್ಡಕಾಳಿನ, ಸಹಜವಾಗಿ ಅಂಟುವ ಅಕ್ಕಿಯನ್ನು ಬೇಯಿಸಿ, ವಿನಿಗರು, ಸಕ್ಕರೆ, ಉಪ್ಪುಗಳನ್ನು ಬೆರಸಿ, ಬೀಸಣಿಗೆಯಿಂದ ಗಾಳಿ ಹಾಕಿ ಆರಿಸಿದ ಅನ್ನವು ಬಾಯಿಗೆ ಬಂದಾಗ ಮೈಯ ಬಿಸುಪಿನಷ್ಟೇ ಬಿಸುಪಾಗಿರಬೇಕು, ಕಾಳು ಕಾಳಾಗಿ ಬಿಡಬೇಕು, ಹುಳಿಯು ಇದೆಯೋ ಇಲ್ಲವೋ ಎಂಬಷ್ಟು ಸೂಕ್ಷ್ಮವಾಗಿರಬೇಕು. ತಣ್ಣಗೆ ಬಿರುಸಾಗಿದ್ದರೆ ಅದು ಶೀತಪೆಟ್ಟಿಗೆಯಿಂದ ಬಂದದ್ದೆಂದು ನಿಶ್ಚಯಿಸಬಹುದು. ಸುತ್ತಿದ ಕಡಲಪಾಚಿಯ ಕಪ್ಪುಹಾಳೆ ಹೊಸದಾಗಿ ಸುತ್ತಿದ್ದರೆ ಹಲ್ಲಿಗೆ ಗರಿಗರಿಯಾಗಿ ಮುರಿಯುತ್ತದೆ, ಹಳೆಯದಾದರೆ ತೊಗಲಿನಂತೆ ಎಳೆಯುತ್ತದೆ. ಸಾಧ್ಯವಾದರೆ ಅಡುಗೆಯವನ ಎದುರಿಗೇ ಕುಳಿತುಕೊಳ್ಳಿ: ವಿನಿಗರು ಬೆರಸಿದ ನೀರಿನಲ್ಲಿ ಅಂಗೈಯನ್ನು ಒದ್ದೆ ಮಾಡಿಕೊಂಡು, ಬಿದಿರುಕಡ್ಡಿಯ ಚಾಪೆಯ ಮೇಲೆ ಹಾಳೆಯನ್ನು ಹಾಸಿ, ಆಚೆಯ ಅಂಚಿನಲ್ಲಿ ಒಂದು ಬೆರಳಿನಷ್ಟು ಬರಿದಾಗಿ ಬಿಟ್ಟು ಅನ್ನವನ್ನು ಹರಡಿ, ಒಂದೇ ಉರುಳಿಗೆ ಮುಗಿಸಿ, ಒದ್ದೆಯ ಚೂರಿಯಿಂದ ಆರು ತುಂಡು ಮಾಡುವ ಆ ಕೆಲಸವನ್ನು ನೋಡುವುದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಶಾಕಾಹಾರಿಗಳಿಗೆ ಇಲ್ಲಿ ಎಚ್ಚರವೊಂದನ್ನು ಹೇಳಲೇಬೇಕು. ಸೌತೆ, ಕ್ಯಾರೆಟ್ಟು, ಬೆಣ್ಣೆಹಣ್ಣು, ಉಪ್ಪಿನಲ್ಲಿ ಊರಿದ ಮೂಲಂಗಿ ಇವುಗಳ ಸುರುಳಿಗಳು ಸಾಮಾನ್ಯವಾಗಿ ನಿರಪಾಯ. ಆದರೆ ಜೊತೆಗೆ ಬರುವ ಮಿಸೋ ಸಾರು ನೋಟಕ್ಕೆ ಸೋಯಾಕಾಳಿನದೆಂದು ಕಂಡರೂ ಅದರ ತಳದಲ್ಲಿ ಒಣಮೀನಿನ ಕಷಾಯವಿರುವುದೇ ವಾಡಿಕೆ. ಸಿಹಿಯಾಗಿ ಬೇಯಿಸಿದ ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿಗೂ ಇದೇ ಮಾತು ಅನ್ವಯಿಸುತ್ತದೆ. ಬಿಳಿಯ ಮೇಯನೇಸಿನಲ್ಲಿ ಮೊಟ್ಟೆಯೂ, ಕೆಲವು ಸಿಹಿರಸಗಳಲ್ಲಿ ಮಿರಿನ್ ಎಂಬ ಮದ್ಯವೂ ಇರುತ್ತವೆ. ಸಂಕೋಚಪಡದೆ ಕೇಳಿರಿ. ಬಡಿಸುವವನಿಗೆ ಉತ್ತರ ತಿಳಿಯದಿದ್ದರೆ ಒಳಗಿನವನನ್ನು ಕರೆಯಿಸಿ ಕೇಳಿರಿ.

ಮೀನು ತಿನ್ನುವವರ ವಿಚಾರ ಬೇರೆ. ಚಾಕಣವು ಕಡಲಿಂದ ದೂರದ ಘಟ್ಟದ ಮೇಲಿನ ಊರು. ಅಲ್ಲಿ ಹಸಿಯಾಗಿ ಬಡಿಸುವ ಮೀನು ಹೆಪ್ಪುಗಟ್ಟಿಸಿದ್ದಾಗಿದ್ದರೆ ಅದು ದೋಷವಲ್ಲ, ರಕ್ಷೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಏಳು ದಿನ ಇಟ್ಟ ಮೀನಿನಲ್ಲಿ ಪರೋಪಜೀವಿ ಹುಳುಗಳು ಸಾಯುತ್ತವೆಂಬುದರಿಂದ, ‘ಇಂದಿನ ತಾಜಾ ಮೀನು’ ಎಂಬ ಜಂಬಕ್ಕಿಂತ ‘ಹೆಪ್ಪುಗಟ್ಟಿಸಿದ್ದು’ ಎಂಬ ವಿನಯವನ್ನು ನಾವು ಹೆಚ್ಚು ನಂಬಬೇಕು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದನ್ನೂ ನೆನಪಿನಲ್ಲಿಡಿ. ಗರ್ಭಿಣಿಯರು, ದೇಹಬಲ ಕುಗ್ಗಿದವರು ಬೇಯಿಸಿದ ಸೀಗಡಿ, ಹುರಿದ ಮೀನು ಇವುಗಳಿಗೆ ಸೀಮಿತರಾಗುವುದು ವಿವೇಕ.

ಉಣ್ಣುವ ಕ್ರಮದಲ್ಲಿ ನಮ್ಮವರು ಅಂಜಬೇಕಾದದ್ದಿಲ್ಲ. ಕಡ್ಡಿಗಳನ್ನು ಹಿಡಿಯಲು ಬಾರದಿದ್ದರೆ ಕೈಯಿಂದಲೇ ತಿನ್ನಬಹುದು. ಜಪಾನಿಯರೂ ಹಾಗೆ ತಿನ್ನುತ್ತಾರೆ. ಮುದ್ದೆಯನ್ನು ಮಗುಚಿ, ಮೀನಿನ ಭಾಗವನ್ನು ಮಾತ್ರ ಸೋಯಾ ರಸಕ್ಕೆ ಸೋಕಿಸಬೇಕು. ಅನ್ನವನ್ನು ಅದ್ದಿದರೆ ಮುದ್ದೆ ಒಡೆದು ಬಟ್ಟಲಿನಲ್ಲಿ ತೇಲುತ್ತದೆ. ಹಸಿರು ವಾಸಾಬಿ ಅಗ್ಗದ ಮನೆಗಳಲ್ಲಿ ಬಹುತೇಕ ನಿಜವಾದ ವಾಸಾಬಿಯಲ್ಲ, ಸಾಸಿವೆಯ ಕುಲದ ಇನ್ನೊಂದು ಬೇರಿಗೆ ಬಣ್ಣ ಹಾಕಿದ್ದು. ಅದರ ಉರಿ ನಾಲಗೆಯನ್ನು ಬಿಟ್ಟು ಮೂಗಿಗೆ ಏರುವುದರಿಂದ, ಮೆಣಸಿನಕಾಯಿಯನ್ನು ಗೆದ್ದಿರುವ ಬ್ಯಾಡಗಿ ಸೀಮೆಯವರೂ ಕಡಲೆಕಾಳಿನಷ್ಟರಿಂದ ಆರಂಭಿಸುವುದು ಒಳ್ಳೆಯದು. ಶುಂಠಿಯ ತೆಳುಪದರವನ್ನು ಒಂದು ತುಂಡಿಗೂ ಮತ್ತೊಂದಕ್ಕೂ ನಡುವೆ ತಿನ್ನಬೇಕು, ಜೊತೆಗಲ್ಲ.

ಖರ್ಚನ್ನು ಹಿಡಿಯುವ ಮಾರ್ಗ: ಮಧ್ಯಾಹ್ನದ ಒಟ್ಟೂಟ, ಅಂದರೆ ಅನ್ನ, ಸಾರು, ಉಪ್ಪಿನಕಾಯಿ, ಒಂದು ಮುಖ್ಯ ಭಕ್ಷ್ಯ ಒಂದೇ ತಟ್ಟೆಯಲ್ಲಿ ಬರುವುದನ್ನು ತರಿಸಿ, ಇಬ್ಬರ ನಡುವೆ ಒಂದೆರಡು ಸುರುಳಿಗಳನ್ನು ಹಂಚಿಕೊಳ್ಳುವುದು. ಚೀಸು, ಕರಿದ ಚೂರು, ಬಣ್ಣಬಣ್ಣದ ರಸಗಳನ್ನು ಹೇರಿದ ದೊಡ್ಡ ಸುರುಳಿಗಳು ಬೆಲೆಯಲ್ಲಿ ಮಾತ್ರ ದೊಡ್ಡವು. ಬಿಲ್ಲಿನಲ್ಲಿ ಸೇವಾಶುಲ್ಕವೆಂದು ಸೇರಿಸಿದ್ದರೆ ಅದನ್ನು ತೆಗೆಸುವ ಹಕ್ಕು ಗಿರಾಕಿಗೆ ಇದೆ; 2022ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಸೂಚನೆಯಂತೆ ಅದು ಐಚ್ಛಿಕವೇ ಹೊರತು ಕಡ್ಡಾಯವಲ್ಲ. ತೆರಿಗೆಯ ಮಾತು ಬೇರೆ, ಅದನ್ನು ಕೊಡಲೇಬೇಕು.

ಊಟವಾದ ಮೇಲೆ ಸಂಗ್ರಾಮದುರ್ಗದ ಅಳಿದುಳಿದ ಗೋಡೆಗಳನ್ನು ನೋಡಬಹುದು. ಸಮೀಪದ ಆಳಂದಿಯಲ್ಲಿ ಜ್ಞಾನೇಶ್ವರರ ಸಮಾಧಿಯಿದೆ, ಆದರೆ ಏಕಾದಶಿಯ ದಿನ ಅತ್ತ ಹೋಗುವ ದಾರಿಯಲ್ಲಿ ಜನಸಂದಣಿ ವಿಪರೀತ. ಜಪಾನಿನ ಗುಂಗು ಇನ್ನೂ ಉಳಿದಿದ್ದರೆ, ಪುಣೆಯ ಸಿಂಹಗಡ ರಸ್ತೆಯಲ್ಲಿ ಒಕಾಯಾಮಾ ನಗರದ ಕೊರಾಕುಯೆನ್ ತೋಟದ ಮಾದರಿಯಲ್ಲಿ ಮಾಡಿದ ಪು. ಲ. ದೇಶಪಾಂಡೆ ಉದ್ಯಾನವಿದೆ. ಅದನ್ನು ಅದೇ ದಿನ ನೋಡುವ ಆಸೆಯಿದ್ದವರು ಮೂರು ಗಂಟೆಗೆ ಮೊದಲೇ ಚಾಕಣವನ್ನು ಬಿಡಬೇಕು. ಸಂಜೆಯ ಪಾಳಿ ಬಿಟ್ಟ ಮೇಲೆ ಆ ಹೆದ್ದಾರಿಯಲ್ಲಿ ಯಾವ ಲೆಕ್ಕಾಚಾರವೂ ನಡೆಯದು.