ಫಾರ್ಮ್ಯಾಟ್ ಮಾಡೋ ಮೊದಲು ಸೇಫ್ ಮೋಡ್

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯಿಂದ ಬಂದು ಇಂಜಿನಿಯರಿಂಗ್ ಓದೋ ನಮಗೆಲ್ಲ ಮನೆಯಿಂದ ಒಂದು ಫೋನ್ ಬರೋದು ಗ್ಯಾರಂಟಿ: "ಕಂಪ್ಯೂಟರ್ ಓಪನ್ ಆಗ್ತಿಲ್ಲ, ಅಂಗಡಿಯವರು ಫಾರ್ಮ್ಯಾಟ್ ಮಾಡ್ಬೇಕು ಅಂತಿದಾರೆ, ಏನ್ಮಾಡೋಣ?" ಹಂಗೇ ಹೂಂ ಅಂದ್ರೆ ತಮ್ಮನ ನೋಟ್ಸ್, ಅಕ್ಕನ ಮದುವೆ ಫೋಟೋ, ಅಂಗಡಿ ಲೆಕ್ಕ ಎಲ್ಲ ಅಳಿಸಿ ಹೋಗಬಹುದು. ಅದಕ್ಕೇ ಈ ಸಲ ಸೇಫ್ ಮೋಡ್ ಬಗ್ಗೆ ತಿಳಿದುಕೊಳ್ಳೋಣ.

2024ರ ಆಗಸ್ಟ್‌ನಲ್ಲಿ ನಮ್ಮ ಟಿಬಿ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಕೊಚ್ಚಿಹೋಯಿತು. ಆಗ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಅದು ಹೊಸ ಗೇಟ್ ಅಲ್ಲ, ತಾತ್ಕಾಲಿಕ ತಡೆ. ಸೇಫ್ ಮೋಡ್ ಕೂಡ ಹಾಗೇ. ಅದೇ ರಿಪೇರಿ ಅಲ್ಲ, ರಿಪೇರಿ ಮಾಡೋಕೆ ಸಿಗುವ ಅವಕಾಶ. ಇದರಲ್ಲಿ ವಿಂಡೋಸ್ ತೀರಾ ಅಗತ್ಯವಾದ ಡ್ರೈವರ್ ಮತ್ತು ಸರ್ವಿಸ್‌ಗಳನ್ನು ಮಾತ್ರ ಲೋಡ್ ಮಾಡುತ್ತೆ. ಸೇಫ್ ಮೋಡ್‌ನಲ್ಲಿ ಸರಿಯಾಗಿ ನಡೆದರೆ, ತಪ್ಪು ಹೆಚ್ಚಾಗಿ ಹೊಸದಾಗಿ ಹಾಕಿದ ಡ್ರೈವರ್ ಅಥವಾ ಸಾಫ್ಟ್‌ವೇರ್‌ದು. ಅದೂ ತೆರೆಯದಿದ್ದರೆ ಡಿಸ್ಕ್, ರ‍್ಯಾಮ್ ಅಥವಾ ಸಿಸ್ಟಮ್ ಫೈಲುಗಳ ಮೇಲೆ ಅನುಮಾನ ಪಡಬೇಕು.

ಹೋಗೋದು ಹೇಗೆ? ವಿಂಡೋಸ್ 10, 11ರಲ್ಲಿ ಲಾಗಿನ್ ಪರದೆ ಬಂದರೆ, ಶಿಫ್ಟ್ ಕೀ ಒತ್ತಿಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ಅದೂ ಬರದಿದ್ದರೆ, ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ಬರುತ್ತೆ. ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರೋ ಪಟ್ಟಿಯಲ್ಲಿ ನಂಬರ್ ಒತ್ತಬೇಕು:

4 – ಸಾದಾ ಸೇಫ್ ಮೋಡ್. ಇಂಟರ್ನೆಟ್ ಇರಲ್ಲ. ವೈರಸ್ ಅನುಮಾನ ಇದ್ದರೆ ಇದೇ ಒಳ್ಳೇದು.
5 – ನೆಟ್‌ವರ್ಕ್ ಜೊತೆ ಸೇಫ್ ಮೋಡ್. ಡ್ರೈವರ್ ಡೌನ್‌ಲೋಡ್ ಮಾಡಬೇಕಿದ್ದರೆ ಇದು.
6 – ಕಮಾಂಡ್ ಪ್ರಾಂಪ್ಟ್ ಜೊತೆ. ಡೆಸ್ಕ್‌ಟಾಪ್ ಬರದೇ ಇದ್ದಾಗ, ಕಮಾಂಡ್ ಗೊತ್ತಿದ್ದವರಿಗೆ.

ಒಳಗೆ ಹೋದ ತಕ್ಷಣ ಮೊದಲ ಕೆಲಸ, ಬೇಕಾದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡೋದು. ಆಮೇಲೆ ಅನುಮಾನ ಇರೋ ಡ್ರೈವರ್ ಅಥವಾ ಸಾಫ್ಟ್‌ವೇರ್ ತೆಗೆದು, ರೀಸ್ಟಾರ್ಟ್ ಮಾಡಿ ನೋಡೋದು.

ಎರಡು ಎಚ್ಚರಿಕೆ. ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತೆ, ಈಗಲೇ ನೋಡಿ ಬರೆದಿಟ್ಟುಕೊಳ್ಳಿ. ಇನ್ನೊಂದು, ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿದ್ದರೆ, ಆ ಟಿಕ್ ತೆಗೆಯೋವರೆಗೂ ಪ್ರತಿ ಸಲ ಸೇಫ್ ಮೋಡೇ ಬರುತ್ತೆ.

ಫಾರ್ಮ್ಯಾಟ್ ಯಾವಾಗ ಬೇಕಾದರೂ ಮಾಡಬಹುದು. ಅಳಿಸಿದ ಫೋಟೋ ಮಾತ್ರ ವಾಪಸ್ ಬರೋದು ಕಷ್ಟ. ಮುಂದಿನ ಸಲ ಮನೆಯಿಂದ ಫೋನ್ ಬಂದರೆ, "ಅಪ್ಪಾ, ಸ್ವಲ್ಪ ತಡೀರಿ, 4 ಒತ್ತಿ ನೋಡೋಣ" ಅನ್ನೋಣ.